‘ಓದಿ ಹೇಳು’ ಯಾರಿಗೆ ಬೇಕು?

“ಡ್ರಾಯಿಂಗ್ ಆಪ್ ಯಾರು ಬಳಸ್ತೀರಿ? ಕೈ ಎತ್ರಿ!”

ಸುಂಕಣ್ಣ ಸಾರ್ ಕೇಳಿದ್ದೇ ತಡ, ಇಡೀ ಐದನೇ ಕ್ಲಾಸು ಕೈ ಎತ್ತಿತು. ಚಂದನಾ ಎರಡೂ ಕೈ ಎತ್ತಿದಳು.

“ಒಬ್ಬರಿಗೆ ಒಂದ ಕೈ ಅಮ್ಮಾ,” ಎಂದರು ಸಾರ್. ಎಲ್ಲರೂ ನಕ್ಕರು. ದುರ್ಗಾ ನಗಲಿಲ್ಲ.

ಶಾಲೆಗೊಂದು ವೆಬ್‌ಸೈಟ್ ಇತ್ತು. ಪಾಠ, ಹೋಮ್‌ವರ್ಕ್, ಮಕ್ಕಳ ಚಿತ್ರ ಎಲ್ಲವನ್ನೂ ಎಲ್ಲ ಕ್ಲಾಸಿನವರು ಕೂಡಿ ಇಡುತ್ತಿದ್ದುದು ಅಲ್ಲೇ. ಯಾರ್ಯಾರೋ ಏನೇನೋ ಆಪ್ ಸೇರಿಸಿ, ಈಗ ಅದು ತೆರೆಯುವಷ್ಟರಲ್ಲಿ ಊಟದ ಬೆಲ್ ಹೊಡೆಯುತ್ತಿತ್ತು. ಅದನ್ನು ಸರಿಮಾಡಲೆಂದೇ ಸಾರ್ ಆದೋನಿಯಿಂದ ಪೆದ್ದಹರಿವಾಣದ ಈ ಕನ್ನಡ ಶಾಲೆಗೆ ಬೈಕಿನಲ್ಲಿ ಬಂದಿದ್ದರು.

ಅವರು ಮೌಸ್ ಮುಟ್ಟಲೇ ಇಲ್ಲ. ಕಪ್ಪು ಪರದೆ ತೆರೆದು, ಟಕಟಕ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ್ದರು. ಬಿಳಿ ಅಕ್ಷರಗಳು ಸರಸರ ಇಳಿದು ಬಂದಿದ್ದವು.

“ಇದೇನ್ರಿ ಸಾರ್, ಹ್ಯಾಕಿಂಗಾ?” ಎಂದಿದ್ದಳು ಚಂದನಾ.

“ಅಲ್ಲಮ್ಮಾ, ಸ್ಕ್ರಿಪ್ಟು. ಒಂದೊಂದ ಪೇಜ್ ತೆಗೆದು ಹುಡುಕಿದ್ರ ಸಂಜಿ ಆಗತೈತಿ. ಇದು ಸೈಟಿನಾಗ ಹಾಕಿರೋ ಆಪ್ ಎಲ್ಲಾ ಒಮ್ಮೆಗೇ ಸಾಲಾಗಿ ತೋರಸ್ತೈತಿ. ಆದ್ರ ಬರೇ ಹೆಸರು. ಯಾರಿಗೆ ಬೇಕು ಅಂತ ಇದಕ್ಕೇನು ಗೊತ್ತು? ಉಳಿದ ಕ್ಲಾಸಿನವರನ್ನ ಕೇಳೀನಿ, ಇನ್ನ ನೀವು ಹೇಳ್ರಿ. ಕೈ ಎತ್ತಿದ್ರ ಉಳಿತೈತಿ. ಇಲ್ಲಾಂದ್ರ ತೀಸೇಸ್ತಾ, ತೆಗೆದುಬಿಡ್ತೀನಿ.”

ಸಾಲಿನ ಕೊನೆಯಲ್ಲಿತ್ತು ‘ಓದಿ ಹೇಳು’. ದುರ್ಗಾಳ ಕಣ್ಣು ಅಲ್ಲೇ ನೆಟ್ಟಿತ್ತು.

ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಆಪ್ ಅದು. ದುರ್ಗಾಳಿಗೆ ಬಿಡಿ ಅಕ್ಷರ ಬರುತ್ತಿದ್ದವು. ಒತ್ತಕ್ಷರ ಬಂತೋ, ಕಣ್ಣು ಎಡವಿ ಬೀಳುತ್ತಿತ್ತು. ಆದರೆ ಒಮ್ಮೆ ಕಿವಿಗೆ ಬಿದ್ದರೆ ಪಾಠ ಪೂರ್ತಿ ತಲೆಯಲ್ಲಿ. ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಮೂಲೆಯ ಕುರ್ಚಿ ಹಿಡಿದು, ಅಲ್ಲಿದ್ದ ಒಂದೇ ಒಂದು ಇಯರ್‌ಫೋನ್ ಹಾಕಿಕೊಂಡು, ಚಿತ್ರ ನೋಡುವಂತೆ ನಟಿಸುತ್ತ ಪಾಠ ಕೇಳುತ್ತಿದ್ದಳು. ಮರುದಿನ ಟೀಚರ್ ಓದಿಸಿದರೆ, ಪುಸ್ತಕದ ಮೇಲೆ ಬೆರಳಾಡಿಸುತ್ತ ಬಾಯಿಪಾಠ ಒಪ್ಪಿಸುತ್ತಿದ್ದಳು. ಇದು ಯಾರಿಗೂ ಗೊತ್ತಿರಲಿಲ್ಲ.

ಕ್ವಿಜ್ ಆಪ್ ಉಳಿಯಿತು. ಹಬ್ಬದ ಕಾರ್ಡಿನ ಆಪ್ ಹೋಯಿತು.

“‘ಓದಿ ಹೇಳು’. ಉಳಿದ ಕ್ಲಾಸಿನಾಗ ಯಾರೂ ಕೈ ಎತ್ತಿಲ್ಲ. ನಿಮ್ಮೊಳಗ ಯಾರಿಗೆ ಬೇಕು?”

ಒಂದು ಕೈಯೂ ಏಳಲಿಲ್ಲ.

“ಅದು ಓದಾಕ ಬರದ ಸಣ್ಣ ಹುಡುಗರಿಗೆ ಸಾರ್,” ಎಂದಳು ಚಂದನಾ. “ನಮ್ಮ ಕ್ಲಾಸಿನಾಗ ಅಂಥವರು ಯಾರದಾರ?”

ದುರ್ಗಾಳ ಕೈ ಕಲ್ಲಾಯಿತು. ಎತ್ತಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಎತ್ತದಿದ್ದರೆ ನಾಳೆಯ ಪಾಠ?

“ಸರೇ, ಯಾರೂ ಇಲ್ಲ.” ಸಾರ್ ಮತ್ತೊಂದು ಸಾಲು ಟೈಪ್ ಮಾಡಿದರು. ತೆಗೆಯಲೋ ಬೇಡವೋ ಎಂದು ಪರದೆ ಕೇಳಿತು. ಸಾರ್ ಅವರ ಬೆರಳು ಎಂಟರ್ ಕೀ ಕಡೆಗೆ ಇಳಿಯಿತು.

“ಬ್ಯಾಡ್ರಿ ಸಾರ್!”

ದುರ್ಗಾ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ.

“ನಾನು ಕೇಳ್ತೀನ್ರಿ. ನನಗ ಒತ್ತಕ್ಷರ ಓದಾಕ ಬರಲ್ಲ. ಅದು ಓದಿದ್ರ ತಿಳಿತೈತಿ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ದುರ್ಗಾ ಗಿರ್ರನೆ ತಿರುಗಿದಳು. ಕಣ್ಣು ತುಂಬಿತ್ತು.

“ನಗ್ರಿ! ನಕ್ಕರೂ ನನಗ ಅದು ಬೇಕು!”

ನಗು ಅಲ್ಲೇ ನಿಂತಿತು. ಸಾರ್ ಬೆರಳು ಹಿಂದಕ್ಕೆ ತೆಗೆದರು.

“ಒಂದು ಕೈ ಸಾಕಮ್ಮಾ,” ಎಂದರು. “ಕುಂದ್ರು.”

ಮುಂದಿನ ಕಂಪ್ಯೂಟರ್ ಪೀರಿಯಡ್ಡಿಗೆ ದುರ್ಗಾ ತಡವಾಗಿ ಬಂದಳು. ಮೂಲೆಯ ಕುರ್ಚಿಯಲ್ಲಿ ಚಂದನಾ ಕೂತಿದ್ದಳು. ಕಿವಿಯಲ್ಲಿ ಇಯರ್‌ಫೋನ್, ಪರದೆಯ ಮೇಲೆ ಕನ್ನಡ ಪಾಠ. ಆಪ್ ಓದುತ್ತಿದ್ದ ಸಾಲಿನ ಹಳದಿ ಗುರುತು ಮುಂದಕ್ಕೆ ಓಡಿತ್ತು. ಅವಳ ಬೆರಳು ಮಾತ್ರ ಎರಡನೇ ಸಾಲಿನಲ್ಲೇ ಸಿಕ್ಕಿಬಿದ್ದಿತ್ತು.

ದುರ್ಗಾಳನ್ನು ಕಂಡು ಚಂದನಾ ಬೆಚ್ಚಿದಳು. “ಸುಮ್ನ... ಚಿತ್ರ ನೋಡಾಕತ್ತಿದ್ದೆ.”

ಅವಳ ಕಿವಿಗಳು ಕೆಂಪಾಗಿದ್ದವು.

ದುರ್ಗಾಳ ನಾಲಿಗೆ ತುದಿಗೆ ಒಂದು ಖಾರದ ಮಾತು ಬಂತು. ಆದರೆ ಆ ಚಿತ್ರ ನೋಡುವ ನಟನೆ ಎಷ್ಟು ಕಷ್ಟದ್ದೆಂದು ಇಡೀ ಕ್ಲಾಸಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮಾತು ನುಂಗಿಕೊಂಡಳು.

“ಸ್ಪೀಡ್ ಕಡಿಮಿ ಮಾಡ್ಕೊ. ಅಲ್ಲಿ ಕೆಳಗ ಐತಿ ನೋಡು,” ಎಂದಳು ಮೆಲ್ಲಗೆ. “ಬೇಗ ಮುಗಿಸವ್ವ, ಆಮ್ಯಾಲ ನನ್ನ ಪಾಳಿ.”

ಆಮೇಲೆ, ಉಳಿದವರಿಗೆ ಪರದೆ ಕಾಣದ ಹಾಗೆ ಕುರ್ಚಿಗೆ ಅಡ್ಡವಾಗಿ ನಿಂತಳು.