ಹಸಿರು ಬೆಳಕಿನ ಕೋಣೆ

"ಮೂರು ಜನಕ್ಕೆ ಡೆಂಗಿ ಹತ್ತಿಸಿದ್ದು ನೀನೇ! ಡ್ರಮ್ಮಿಗೆ ಒಂದು ಮುಚ್ಚಳ ಹಾಕೋಕೆ ನಿನಗೇನು ರೋಗ? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!" ದೊಡ್ಡ ಡಾಕ್ಟರು ತಮ್ಮ ಕೋಣೆಯಲ್ಲಿ ಆಯಾಳ ಮೇಲೆ ಕೂಗಿದರು.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಸಾರ್," ಆಯಾ ಪೊರಕೆಯನ್ನು ನೆಲಕ್ಕೆ ಕುಕ್ಕಿದಳು. "ಈ ಕೋಣೇಲಿ ಒಂದು ಎಲೆ ಮುಟ್ಟಿದ್ರೂ ಬೈತೀರಿ, ಹೊರಗಡೆ ಡ್ರಮ್ಮಿಗೂ ನಾನೇ ಕಳ್ಳಿನಾ?"

ಬಾಗಿಲಲ್ಲಿ ನಿಂತಿದ್ದ ನರ್ಸಮ್ಮನಿಗೆ ಮೈ ಉರಿಯಿತು. ಇಪ್ಪತ್ತು ವರ್ಷ ಆ ಜ್ವರದಾಸ್ಪತ್ರೆಯನ್ನು ಗುಡಿಸಿದ ಹೆಂಗಸು ಆಯಾ. ಆದರೆ ಜ್ವರ ಹತ್ತಿದ ಮೂವರಲ್ಲಿ ಟೈಪಿಸ್ಟ್ ಹುಡುಗಿ ಹಿಂದಿನ ದಿನ ತೀರಿಕೊಂಡಿದ್ದಳು. ಸಾವಿಗೆ ಯಾರದಾದರೂ ತಲೆ ಕೊಡಬೇಕಿತ್ತು. ಆಯಾಳ ತಲೆ ಎಲ್ಲಕ್ಕಿಂತ ಅಗ್ಗ.

ನರ್ಸಮ್ಮ ನೇರ ಸೊಳ್ಳೆ ಡಾಕ್ಟರಮ್ಮನ ಹತ್ತಿರ ಹೋದಳು. ಆಸ್ಪತ್ರೆಯಲ್ಲೇ ವಾಸವಿದ್ದ ಆಕೆ, ದೊಡ್ಡ ಡಾಕ್ಟರ ಕೈಕೆಳಗೇ ಜ್ವರಗಳ, ಅವನ್ನು ಹರಡುವ ಸೊಳ್ಳೆಗಳ ವಿದ್ಯೆ ಕಲಿತವರು. ಅಲ್ಲಿನ ಯಾವ ಒಗಟಿದ್ದರೂ ಬಿಡಿಸುವವರು ಅವರೇ. ನಿದ್ದೆಯಲ್ಲಿ ನಡೆಯುವವರಂತೆ ಅಂಗಳ ಸುತ್ತಿ, ಪ್ರತಿ ಡ್ರಮ್ಮಿಗೂ ಟಾರ್ಚ್ ಬಿಟ್ಟರು.

"ಒಂದು ಹುಳವೂ ಇಲ್ಲ. ನರ್ಸಮ್ಮ, ವಾರ್ಡಲ್ಲಿ ಓಡಾಡೋ ನಿಮಗ್ಯಾಕೆ ಜ್ವರ ಬರಲಿಲ್ಲ?"

"ನನ್ನ ರಕ್ತ ಕಹಿ ಇರ್ಬೇಕು ಬಿಡಿ."

"ಆ ಮೂವರಿಗಿಂತ ಮುಂಚೆ ಯಾರಿಗೆ ಬಂದಿತ್ತು?"

"ಮೂರು ವಾರದ ಹಿಂದೆ ದೊಡ್ಡ ಡಾಕ್ಟ್ರೇ ಶಾಲು ಹೊದ್ಕೊಂಡು ಕೂತಿದ್ರು. ನೆಗಡಿ ಅಂದ್ರು."

ಡಾಕ್ಟರಮ್ಮ ಟಾರ್ಚ್ ಆರಿಸಿ ದೊಡ್ಡ ಡಾಕ್ಟರ ಕೋಣೆಯ ಕಿಟಕಿಯ ಕಡೆ ನೋಡಿದರು.

ಮಧ್ಯಾಹ್ನ ಎಲ್ಲರೂ ದೊಡ್ಡ ಡಾಕ್ಟರ ಕೋಣೆಯಲ್ಲಿ ಸೇರಿದರು. ಕಿಟಕಿಯಲ್ಲಿ ಗಾಜಿನ ಜಾಡಿ, ಅದರಲ್ಲಿ ಅವರ ತೀರಿಕೊಂಡ ಹೆಂಡತಿ ಇಟ್ಟುಹೋದ ಬಳ್ಳಿ. ಎಲೆಗಳನ್ನು ದಾಟಿ ಬಂದ ಬಿಸಿಲಿನಲ್ಲಿ ಎಲ್ಲರ ಮುಖವೂ ನೀರಿನ ಅಡಿಯಲ್ಲಿದ್ದಂತೆ ಕಾಣುತ್ತಿತ್ತು.

"ಈ ಸೊಳ್ಳೆ ಹಗಲು ಕಚ್ಚುತ್ತೆ, ಹುಟ್ಟಿದ ಜಾಗದಿಂದ ದೂರ ಹೋಗಲ್ಲ. ನೀವೇ ಕಲಿಸಿದ್ದು ಸಾರ್," ಎಂದರು ಡಾಕ್ಟರಮ್ಮ. "ಮೂವರೂ ದಿನವಿಡೀ ಇದೇ ಕೋಣೇಲಿ ಕೆಲಸ ಮಾಡ್ತಿದ್ದೋರು. ವಾರ್ಡಲ್ಲಿ ಕೆಲಸ ಮಾಡೋರಿಗೆ ಒಬ್ಬರಿಗೂ ಬಂದಿಲ್ಲ. ಮೊದಲು ಜ್ವರ ಬಂದಿದ್ದು ನಿಮಗೆ. ನಿಮ್ಮನ್ನ ಕಚ್ಚಿದ ಸೊಳ್ಳೆ, ಹತ್ತು ದಿನ ಕಳೆದ ಮೇಲೆ ಇವರನ್ನ ಕಚ್ಚಿದೆ. ನಿಮ್ಮ ರಕ್ತ ಪರೀಕ್ಷೆ ಮಾಡಿದ್ರೆ..."

"ಬೇಡ. ಕಣ್ಣಿನ ಹಿಂದೆ ನೋವಿತ್ತು. ಡೆಂಗಿ ಅಂತ ನನಗೆ ಗೊತ್ತಾಗಬೇಕಿತ್ತು." ದೊಡ್ಡ ಡಾಕ್ಟರ ದನಿ ಇಳಿದಿತ್ತು. "ಆದ್ರೆ ಸೊಳ್ಳೆ ಹುಟ್ಟಿದ್ದೆಲ್ಲಿ?"

ಡಾಕ್ಟರಮ್ಮ ಜಾಡಿಗೆ ಟಾರ್ಚ್ ಬಿಟ್ಟರು. ಬೇರುಗಳ ನಡುವೆ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗುತ್ತಿದ್ದವು.

"ನೀರು ಬದಲಾಯಿಸ್ತೀನಿ ಅಂತ ಎಷ್ಟು ಸಲ ಕೇಳ್ದೆ ಸಾರ್," ಎಂದಳು ಆಯಾ, ಮೆಲ್ಲಗೆ. "ಮುಟ್ಟಬೇಡ ಅಂದ್ರಿ."

"ನನ್ನ ಹೆಂಡತಿಯೇ ತುಂಬಿಸಿಟ್ಟ ನೀರು. ಚೆಲ್ಲೋಕೆ ಮನಸ್ಸು ಬರಲಿಲ್ಲ. ಕಡಿಮೆಯಾದಾಗ ಮೇಲೆ ಒಂದಿಷ್ಟು ಸುರೀತಿದ್ದೆ."

ಅವರು ಎದ್ದು ಜಾಡಿಯನ್ನು ಅಂಗಳಕ್ಕೆ ಒಯ್ದರು. ಕಾದ ಕಲ್ಲಿನ ಮೇಲೆ ನೀರೆಲ್ಲ ಸುರಿದರು. "ನಾಳೆ ಕೆಲಸಕ್ಕೆ ಬಾ ತಾಯಿ," ಎಂದು ಆಯಾಳಿಗೆ ಹೇಳಿ, ಒದ್ದೆ ಬಳ್ಳಿಯನ್ನು ಎದೆಗೊತ್ತಿಕೊಂಡು ಗೇಟಿನ ಕಡೆ ನಡೆದರು. ಡಾಕ್ಟರಮ್ಮ "ಸಾರ್" ಎಂದು ಕರೆದರು. ಅವರು ತಿರುಗಲಿಲ್ಲ.

ಗೇಟಿನವರೆಗೂ ಹನಿಗಳ ಸಾಲಿತ್ತು. ನರ್ಸಮ್ಮ ನೋಡುತ್ತಿದ್ದಂತೆಯೇ ಬಿಸಿಲಿಗೆ ಅದು ಆರಿತು. ದೊಡ್ಡ ಡಾಕ್ಟರು ಮತ್ತೆ ಆಸ್ಪತ್ರೆಗೆ ಬರಲಿಲ್ಲ.