ಗೌರಾಬಾಯಿಯ ಒಟಿಪಿ ಯಾರ ಫೋನಿಗೆ?

"ನಿಮ್ಮ ಫೋನಿಗಿ ಒಟಿಪಿ ಬಂದಿರಬೇಕು, ಹೇಳ್ರಿ," ಅಂದಳು ಕಂಪ್ಯೂಟರಿನ ಮುಂದೆ ಕೂತ ಯಾಸ್ಮೀನ.

ಗೌರಾಬಾಯಿ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಏನೂ ಬಂದಿರಲಿಲ್ಲ.

ಅಷ್ಟರಲ್ಲಿ ಸಾಲಿನಲ್ಲಿ, ಅವಳ ಬೆನ್ನ ಹಿಂದೆಯೇ, ಯಾರದೋ ಫೋನು ಟಿಣ್ ಎಂದಿತು.

ತಿರುಗಿದಳು. ತನ್ನೂರು ನಿಡೋಣಿಯ ನಳಗಳಿಗೆ ನೀರು ಬಿಡುವ ಬಸಲಿಂಗಯ್ಯ! ಮದುವೆಯಿಲ್ಲ, ಮಕ್ಕಳಿಲ್ಲ, ಒಂಟಿ ಜೀವ. ಕೈಯಲ್ಲೊಂದು ಹಳೇ ಬಟನ್ ಫೋನು... ಮುಖ ಮಾತ್ರ ಸಿಕ್ಕಿಬಿದ್ದ ಕಳ್ಳನದು.

"ಇನ್ನೊಮ್ಮೆ ಕಳಸ್ತೀನ್ರಿ," ಅಂದಳು ಯಾಸ್ಮೀನ.

ಮತ್ತೆ ಅದೇ ಫೋನು, ಮತ್ತೆ ಟಿಣ್.



ಬಬಲೇಶ್ವರದಲ್ಲಿ ಅಂದು ಆಯುಷ್ಮಾನ್ ಕಾರ್ಡಿನ ಕ್ಯಾಂಪು. ಬರುವ ತಿಂಗಳು ಅರವತ್ತು ತುಂಬಿ, ಅಂಗನವಾಡಿ ಸಹಾಯಕಿಯ ಕೆಲಸದಿಂದ ಗೌರಾಬಾಯಿ ನಿವೃತ್ತಳಾಗಲಿದ್ದಳು. ಪಿತ್ತಕೋಶದಲ್ಲಿ ಕಲ್ಲು. ತಡ ಮಾಡದೆ ಆಪರೇಷನ್ ಮಾಡಿಸಿಕೊಳ್ಳಿ ಎಂದು ವಿಜಯಪುರದ ಡಾಕ್ಟರು ಹೇಳಿದ್ದರು. ಕಾರ್ಡಿಲ್ಲದೆ ಅದು ಅವಳ ಕೈಲಾಗುವ ಮಾತಲ್ಲ. ಪಾತ್ರೆ ತಿಕ್ಕಿ ಸವೆದ ಅವಳ ಬೆರಳನ್ನು ಯಂತ್ರ ಗುರುತು ಹಿಡಿಯಲಿಲ್ಲ. ಉಳಿದದ್ದು ಒಟಿಪಿ ಒಂದೇ. ಅದು ನೋಡಿದರೆ ಈ ಮನುಷ್ಯನ ಕೈಯಲ್ಲಿ...

ಜೊತೆಗೆ ಬಂದಿದ್ದ ನೆರೆಮನೆಯ ರೇಣವ್ವ ಕಿವಿಯಲ್ಲಿ ಪಿಸುಗುಟ್ಟಿದಳು. "ನಾಕ ದಿನದ ಹಿಂದ ಅಂವ ನಿನ್ನ ಕೇಳಿದ್ನಿಲ್ಲೋ, ಕಾರ್ಡ್ ಮಾಡಸಾಕ ಯಾವಾಗ ಹೋಗ್ತೀರಿ ಅಂತ? ಸುಮ್ನ ಕೇಳ್ಯಾನೇನ ಬೇ? ಒಟಿಪಿ ಹಿಡಕೊಂಡು ಮಂದೀನ ಬೋಳಸೂ ಕಾಲ ಇದು."

'ಹೌದಲ್ಲ... ದಿನಾ ಅಂಗನವಾಡಿ ನಳಕ್ಕೇ ಮೊದಲು ನೀರು ಬಿಡುತ್ತಿದ್ದ. ಒಳ್ಳೆಯವನು ಅಂದುಕೊಂಡಿದ್ದೆನಲ್ಲ...' ಗೌರಾಬಾಯಿಗೆ ಈಗ ಆ ನೀರಿನಲ್ಲೂ ಏನೋ ಮತಲಬು ಕಂಡಿತು.

"ಬಸಲಿಂಗಯ್ಯಾರ, ನನ್ನ ಒಟಿಪಿ ನಿಮ್ಮ ಫೋನಿಗಿ ಯಾಕ ಬಂತು?"

"ನಿಮ್ಮ ಆಧಾರಕ್ಕ ಈ ನಂಬರ್ ಕೊಟ್ಟಾಂವ ನಾನ ರೀ."

"ಯಾರನ್ನ ಕೇಳಿ ಕೊಟ್ರಿ?"

"ಹನ್ನೆರಡ ವರ್ಷದ ಹಿಂದ ನಮ್ಮೂರ ಕನ್ನಡ ಸಾಲ್ಯಾಗ ಆಧಾರ ಮಾಡಾಕ ಬಂದಿದ್ರಲ್ರಿ. ನೀವು ಬೆರಳು ಒತ್ತಿ, ಕೂಸುಗೋಳ ಊಟಕ್ಕ ಹೊತ್ತಾತು ಅಂತ ಓಡಿದ್ರಿ. ಅವರು ಫೋನ್ ನಂಬರ್ ಕೇಳಿದ್ರು. ನಿಮ್ಮ ಮನ್ಯಾಗ ಫೋನ ಇರಲಿಲ್ಲ. ಹಿಂದ ನಾ ನಿಂತಿದ್ದೆ... ನಂದು ಹೇಳಿದೆ."

"ಹಂಗಾರ ಹನ್ನೆರಡ ವರ್ಷ ನನ್ನ ಮೆಸೇಜ್ ಓದಕೋತ ಕುಂತೀರಿ?"

ಅವಳು ಆ ಫೋನನ್ನು ಕಸಿದು ಯಾಸ್ಮೀನಳ ಮುಂದಿಟ್ಟಳು. "ಏನೇನ ಬಂದದ, ಎಲ್ಲಾರ ಮುಂದ ಓದವ್ವಾ."

ಸಾಲಿನಲ್ಲಿ ನಿಂತವರೆಲ್ಲ ಕತ್ತು ಉದ್ದ ಮಾಡಿದರು. ಯಾಸ್ಮೀನ ಗುಂಡಿ ಒತ್ತುತ್ತಾ ಹೋದಳು.

"ಬರೇ ರಿಚಾರ್ಜಿನ ಮೆಸೇಜ್ ಅದಾವ್ರಿ, ತಿಂಗಳಾ ತಿಂಗಳಾ. ಇದರಿಂದ ಯಾರಿಗೂ ಒಂದು ಫೋನ್ ಹೋಗಿಲ್ಲ. ಇವತ್ತಿನ ಎರಡು ಒಟಿಪಿ ಬಿಟ್ರ ಬ್ಯಾರೆ ಏನೂ ಇಲ್ರಿ..."

ಬಸಲಿಂಗಯ್ಯ ಜೇಬಿನಿಂದ ಇನ್ನೊಂದು ಫೋನು ತೆಗೆದು ತೋರಿಸಿದ. "ನಾ ಮಾತಾಡೂದು ಇದ್ರಾಗ. ಅದನ್ನ ಬಂದ್ ಮಾಡಿದ್ರ ಕಂಪನಿಯವರು ನಂಬರ್ ಬ್ಯಾರೇದವರಿಗಿ ಕೊಡ್ತಾರಂತ. ಅವರು ನಿಮಗ ಮೋಸ ಮಾಡಿದ್ರ? ಅದಕ್ಕ ಚಾಲೂ ಇಟ್ಟೇನಿ. ಇವತ್ತ ಒಟಿಪಿ ಬೇಕಾಗ್ತದ ಅಂತ ನಿಮ್ಮ ಹಿಂದ ಬಂದು ನಿಂತೆ."

ರೇಣವ್ವ ಬಾಯಿ ಮುಚ್ಚಿದಳು. ಅವಳ ಮಟ್ಟಿಗೆ ಅದು ಅಪರೂಪದ ಸಂಗತಿ.

ಗೌರಾಬಾಯಿಯ ಸಿಟ್ಟು ಮಾತ್ರ ಇಳಿಯಲಿಲ್ಲ. "ನಂಗ ಒಂದು ಮಾತು ಹೇಳಬೇಕಿತ್ತಲ್ರಿ. ನಂಬರ್ ಬದಲಿ ಮಾಡಸ್ತಿದ್ದೆ."

"ಅದಕ್ಕ ಹೇಳಲಿಲ್ರಿ."

"ಅಂದ್ರ?"

ಅವನು ನೆಲ ನೋಡಿದ. "ಬದಲಿ ಮಾಡಿಸಿದ್ರ... ನಿಮ್ಮ ಹೆಸರಿನ ಜೋಡಿ ನಂದು ಅಂತ ಏನೂ ಉಳೀತಿರಲಿಲ್ಲ."

ಗೌರಾಬಾಯಿ ಆ ಹಳೇ ಫೋನನ್ನೇ ನೋಡಿದಳು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ತನ್ನ ಹೆಸರನ್ನು ಇಷ್ಟು ಜೋಪಾನವಾಗಿ ಹಿಡಿದುಕೊಂಡವರು ಒಬ್ಬರಿದ್ದಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಸಿಟ್ಟು, ನಾಚಿಕೆ, ಅಳು ಎಲ್ಲವೂ ಒಟ್ಟಿಗೇ ನುಗ್ಗಿ ಬಂದವು.

ಯಾಸ್ಮೀನ ಮೆಲ್ಲಗೆ ಕೆಮ್ಮಿದಳು. "ಒಟಿಪಿ ಟೈಮ್ ಮುಗೀತ್ರಿ. ಮತ್ತ ಕಳಸ್ಲೇನು?"

ಟಿಣ್.

ಬಸಲಿಂಗಯ್ಯ ಯಾಸ್ಮೀನಳ ಮುಂದಿದ್ದ ಫೋನನ್ನು ಎತ್ತಿ ಗೌರಾಬಾಯಿಯತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ನೀವ ಓದ್ರಿ," ಅಂದಳು.

ಆರು ಅಂಕಿ ಓದುವಷ್ಟರಲ್ಲಿ ಅವನ ದನಿ ಎರಡು ಸಲ ಒಡೆಯಿತು.

"ಕಾರ್ಡ್ ಆತ್ರಿ," ಅಂದಳು ಯಾಸ್ಮೀನ. "ದವಾಖಾನಿಯವರು ಫೋನ್ ಮಾಡಾಕ ಯಾವ ನಂಬರ್ ಬರೀಲಿ?"

ರೇಣವ್ವ ಅವಳ ತೋಳು ಚಿವುಟಿದಳು. ಗೌರಾಬಾಯಿ ತಿರುಗಿಯೂ ನೋಡಲಿಲ್ಲ.

"ಅವರದ ಬರಿಯವ್ವಾ."

ಹೊರಗೆ ಬೇವಿನ ಮರದ ಕೆಳಗೆ ಬಸಲಿಂಗಯ್ಯ ಕೈಕಟ್ಟಿ ನಿಂತ. "ನಂದು ತಪ್ಪಾಗ್ಯದ್ರಿ, ಗೌರಾಬಾಯಾರ."

"ಆಗ್ಯದ. ಹನ್ನೆರಡ ವರ್ಷ ಬಾಯಿ ಬಿಡಲಾರದ್ದು ಸಣ್ಣ ತಪ್ಪಲ್ಲ."

"ದವಾಖಾನಿ ಫೋನ್ ಬಂದ ಕೂಡಲೇ ಬಂದು ಹೇಳ್ತೀನ್ರಿ."

"ಹೇಳಿ ಹಂಗ ಹೊಳ್ಳಿ ಹೋಗಂಗಿಲ್ಲ. ನನ್ನ ಜೋಡಿ ಬರಬೇಕು."

ಅವನು ತಲೆ ಎತ್ತಿದ. ಕಣ್ಣು ತುಂಬಿದ್ದವು. "ಜೋಡಿ ಬಂದವರು ಏನಾಗಬೇಕು ಅಂತ ಅಲ್ಲಿ ಕೇಳ್ತಾರಲ್ರಿ... ಏನಂತ ಬರಸ್ಲಿ?"

ಗೌರಾಬಾಯಿ ಸೆರಗು ಸರಿಮಾಡಿಕೊಂಡು ಬಸ್ಸಿನ ಕಡೆ ಹೆಜ್ಜೆ ಹಾಕಿದಳು. ನಗು ತುಟಿಯ ಮೇಲೇ ಇತ್ತು.

"ಅಷ್ಟ್ರಾಗ ಏನರ ಆಗೋಣಂತ, ಬರ್ರಿ..."