ಜಯಶ್ರೀ ಬ್ಯಾಡ ಅಂದದ್ದು

"ನಿಮ್ಮ ಹುಡುಗಿ ಇವತ್ತು ಆಡಂಗಿಲ್ರಿ, ಸರ್."

ಹಾನಗಲ್ಲಿನ ಮೈದಾನದಲ್ಲಿ ಅಂತರ ಕಾಲೇಜು ಕಬಡ್ಡಿ ಫೈನಲ್ಲಿಗೆ ಇನ್ನೇನು ಸೀಟಿ ಊದಬೇಕಿತ್ತು. ಹಿರೇಕೆರೂರು ತಂಡದ ನಾಯಕಿ ಮಹೆಕಳ ಊದಿದ ಮೊಣಕಾಲು ಹಿಡಿದು ಕೂತಿದ್ದ ಜಯಶ್ರೀ ತಲೆ ಎತ್ತದೆಯೇ ಹೇಳಿದಳು.

ಶಿಗ್ಗಾಂವದ ಕಾಲೇಜಿನಲ್ಲಿ ಆಟಗಾರರ ಗಾಯ, ನೋವು ನೋಡಿಕೊಳ್ಳುವ ಟ್ರೇನರ್ ಆಗಿ ಸೇರಿ ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಅವತ್ತು ಎಲ್ಲ ತಂಡಗಳ ಜವಾಬ್ದಾರಿಯೂ ಅವಳದೇ.

ಎದುರಿಗೆ ನಿಂತಿದ್ದ ಕೋಚ್ ಮೈಲಾರಲಿಂಗನ ಮುಖ ಕೆಂಪಗಾಯಿತು. ಗಟ್ಟಿಯಾಗಿ ಪಟ್ಟಿ ಕಟ್ಟಿ ಬಿಡಿ, ಸಾಕು ಎಂದ. ಮಹೆಕಳೂ ಅಳುತ್ತಾ ಬೇಡಿಕೊಂಡಳು.

"ಪಟ್ಟಿ ಕಟ್ಟಿದ್ರ ನೋವು ಮುಚ್ಚತೈತಿ ಅಷ್ಟ. ನಾಳೆ ಈಕಿ ಕುಂಟಕೋತ ಅಡ್ಡಾಡಿದ್ರ ನಿಮಗ ನೋಡಾಕ ಆಗತೈತೇನು?"

ಅವನು ತಿರುಗಿ ನಡೆದುಬಿಟ್ಟ. ಹಿರೇಕೆರೂರು ಸೋತಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನು ತನ್ನ ಕಡೆಗೇ ಬರುವುದನ್ನು ಜಯಶ್ರೀ ಕಂಡಳು. ಈಗ ಬೈತಾನ... ಆದರೆ ಅವನ ಕೈಯಲ್ಲಿ ಎರಡು ಚಹಾ ಇತ್ತು.

"ನಾನೂ ಆಡಾಂವ ಇದ್ದೆ ರೀ. ನನ್ನ ಕಾಲು ಕೆಟ್ಟಾಗ ಹಿಂಗ ತಡದು ಹೇಳಾವ್ರು ಯಾರೂ ಇರಲಿಲ್ಲ."

ಅಷ್ಟೇ ಹೇಳಿ ಒಂದು ಚಹಾ ಅವಳಿಗೆ ಕೊಟ್ಟು ಹೋದ.

ಆಮೇಲೆ ಸವಣೂರಿರಲಿ, ಹಾನಗಲ್ಲಿರಲಿ, ಪಂದ್ಯ ಎಲ್ಲಿದ್ದರೂ ಅವಳು ಬರುವಷ್ಟರಲ್ಲಿ ಅವನು ಒಂದು ಕುರ್ಚಿ ನೆರಳಿಗೆ ತಂದಿಟ್ಟಿರುತ್ತಿದ್ದ. ಬರ್ಫದ ಡಬ್ಬಿ ತುಂಬಿರುತ್ತಿತ್ತು. ಮಧ್ಯಾಹ್ನ ಸವಣೂರಿನ ಖಾರಾ ತಿಂಡಿಯ ಪೊಟ್ಟಣ ಬಿಚ್ಚಿ ಮೊದಲು ಅವಳ ಮುಂದೆ ಹಿಡಿಯುತ್ತಿದ್ದ. ಯಾವ ಊರಿಗೆ ಹೋದರೂ ಅವಳ ಕಣ್ಣು ಮೊದಲು ಹುಡುಕುತ್ತಿದ್ದದ್ದು ಹಿರೇಕೆರೂರಿನ ಹುಡುಗಿಯರನ್ನಲ್ಲ, ಅವರ ಕೋಚನ್ನು.

ಕೆಲವು ವರ್ಷ ಹೀಗೇ ಕಳೆದ ಮೇಲೆ ಒಂದು ದಿನ ಅವನ ತಾಯಿ ಶಂಕ್ರವ್ವ ಶಿಗ್ಗಾಂವದ ಮನೆಗೆ ಹೆಣ್ಣು ಕೇಳಲು ಬಂದಳು. ಜಯಶ್ರೀಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ! ಚಹಾ ಕುಡಿದು ಲೋಟ ಕೆಳಗಿಡುತ್ತಾ ಶಂಕ್ರವ್ವ ಮೆಲ್ಲಗೆ ಹೇಳಿದಳು:

"ಲಗ್ನ ಆದಮ್ಯಾಲೆ ಈ ಕೆಲಸ ಬಿಡಬೇಕವಾ. ಕಂಡವರ ಕಾಲು ತಿಕ್ಕೋದು ನಮ್ಮ ಮನೀಗೆ ಸರಿ ಕಾಣಂಗಿಲ್ಲ. ನನ್ನ ಮಗಂದೂ ಇದ ಮಾತು."

ಅವನದೂ ಇದೇ ಮಾತು... ಜಯಶ್ರೀ ಕೈ ಮುಗಿದು, ಹಾಗಾದರೆ ಬೇಡ ಎಂದಳು. ಅವತ್ತು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಷ್ಟು ಅವಳು ಮತ್ತೆಂದೂ ಅಳಲಿಲ್ಲ.

ನಂತರ ವರ್ಷಗಳು ಉರುಳಿದವು. ಅವಳ ಕೈಯಲ್ಲಿ ಎಷ್ಟೋ ಹಿಮ್ಮಡಿ, ಭುಜ, ಬೆರಳು ನೆಟ್ಟಗಾದವು. ಮಹೆಕಳೂ ಎರಡು ಮಕ್ಕಳ ತಾಯಿಯಾದಳು. ಮೈಲಾರಲಿಂಗ ಪಂದ್ಯಗಳಲ್ಲಿ ಸಿಗುತ್ತಿದ್ದ. ಗಾಯದ ಮಾತಿನ ಹೊರತು ಬೇರೆ ಮಾತಿರಲಿಲ್ಲ. ಆದರೂ ನೆರಳಿನಲ್ಲಿ ಕುರ್ಚಿ ಮಾತ್ರ ತಪ್ಪಲಿಲ್ಲ. ಅವಳಂತೆಯೇ ಅವನೂ ಲಗ್ನವಾಗಲಿಲ್ಲ. ಯಾಕ ಅಂತ ಕೇಳಲು ಇವಳಿಗೆ ಬಾಯಿ ಬರಲಿಲ್ಲ.

ಕಳೆದ ವರ್ಷ ಶಂಕ್ರವ್ವ ತೀರಿಕೊಂಡಳು. ಈ ಸಲ ಗೊಟಗೋಡಿಯಲ್ಲಿ ಶಿಕ್ಷಕರ ವಾಲಿಬಾಲ್ ಆಡುವಾಗ ಮೈಲಾರಲಿಂಗ ಕುಸಿದು ಬಿದ್ದ. ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಆಪರೇಶನ್ ಆಯಿತು. ಮತ್ತೆ ನಡೆಯುವುದನ್ನು ಕಲಿಸುವವರು ಬೇಕಾಗಿತ್ತು. ಅವನು ಹಿರೇಕೆರೂರಿನಿಂದ ಬಸ್ಸು ಹತ್ತಿ ಶಿಗ್ಗಾಂವದ ಕಾಲೇಜಿನಲ್ಲಿದ್ದ ಜಯಶ್ರೀಯ ಕೋಣೆಗೇ ಬಂದ.

ಒಂದು ಮುಂಜಾನೆ ನೋವು ತಡೆಯಲಾರದೆ ಅವನು ಇನ್ನು ಸಾಕು ಎಂದು ಎದ್ದುಬಿಟ್ಟ. ಅವಳು ಗದರಿಸಿ ಮತ್ತೆ ಕೂರಿಸಿದಳು.

"ಅವತ್ತು ನನ್ನ ಬ್ಯಾಡ ಅಂದಾವ್ರು, ಇವತ್ತು ಯಾಕ ಇಷ್ಟು ಕಾಳಜಿ ಮಾಡ್ತೀರಿ?"

ಜಯಶ್ರೀಯ ಕೈ ನಿಂತುಹೋಯಿತು.

"ನಿಮ್ಮನ್ನ ಬ್ಯಾಡ ಅಂದಿಲ್ರಿ. ಕೆಲಸ ಬಿಡೂದು ಬ್ಯಾಡ ಅಂದೆ."

"ಕೆಲಸ ಬಿಡು ಅಂತ ಯಾರು ಅಂದ್ರು?"

ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಅಂದರೆ ಇವರಿಗೆ ಗೊತ್ತೇ ಇಲ್ಲ... ಇಷ್ಟು ವರ್ಷ!

"ಹೋದವರ ಮಾತು ಈಗ್ಯಾಕ ಬಿಡ್ರಿ" ಎಂದಷ್ಟೇ ಹೇಳಿದಳು.

ಯಾರ ಮಾತೆಂದು ಅವನಿಗೆ ತಿಳಿಯಿತು. ಊರುಗೋಲು ಹಿಡಿದು ಎದ್ದು ಹೋದ. ಆ ವಾರವೆಲ್ಲ ಬರಲೇ ಇಲ್ಲ. ಸುಮ್ಮನಿರಬೇಕಿತ್ತು, ಅವರ ಅವ್ವನ ನೆನಪಿಗೆ ನೋವು ಮಾಡಿದೆ ಎಂದು ಜಯಶ್ರೀ ಒಳಗೊಳಗೇ ಬೆಂದಳು.

ಸೋಮವಾರ ಕೋಣೆಯ ಬೀಗ ತೆಗೆಯುವಾಗ ಹಿಂದೆ ಹೆಜ್ಜೆ ಸಪ್ಪಳ. ಮೈಲಾರಲಿಂಗ ಊರುಗೋಲಿಲ್ಲದೆ ಬಂದಿದ್ದ. ಅವಳು ಗಾಬರಿಯಾಗಿ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಅವ್ವನ ಮ್ಯಾಲೆ ಸಿಟ್ಟು ಬಂದಿತ್ತು ರೀ. ಅದು ಇಳೀಲಿ ಅಂತ ಸುಮ್ಮನಿದ್ದೆ. ಈಗ ನಾನ ಕೇಳಾಕ ಬಂದೇನಿ, ನಡುವ ಯಾರೂ ಬ್ಯಾಡ. ನೀವು ಈ ಕೆಲಸ ಬಿಡಬ್ಯಾಡ್ರಿ. ಶಿಗ್ಗಾಂವದಾಗ ಮನಿ ಮಾಡ್ತೇನಿ. ಹಿರೇಕೆರೂರಿಗೆ ಬಸ್ಸಿನಾಗ ಓಡಾಡೂದು ನನ್ನ ಪಾಲಿಗಿರಲಿ."

ಅವಳ ಕಣ್ಣು ತುಂಬಿ ಬಂತು. ಈ ವಯಸ್ಸಿಗೆ ಜನ ನಗುತ್ತಾರೆ ಎಂದಳು. ನಗಲಿ, ನಾವೂ ನಗೋಣ ಎಂದ.

"ತಂಡದ ಜೋಡಿ ಊರೂರು ತಿರಗಾಕಿ ನಾನು. ಮನಿಗೆ ಬರೂದು ಹೊತ್ತಾಗತೈತಿ."

"ರೊಟ್ಟಿ ಬಡದು ಇಟ್ಟಿರ್ತೇನಿ."

"ಬರತೈತೇನು ನಿಮಗ?"

"ಇಲ್ಲ. ನೀವ ಕಲಸ್ರಿ."

ಜಯಶ್ರೀ ಕಣ್ಣೊರೆಸಿಕೊಳ್ಳುತ್ತಾ ನಕ್ಕುಬಿಟ್ಟಳು.

"ನನಗೂ ಬರಂಗಿಲ್ರಿ."

"ಹಂಗಾರ ಇಬ್ಬರೂ ಕೂಡೇ ಕಲಿಯೂಣು," ಎಂದ ಮೈಲಾರಲಿಂಗ.